ಅಲೆಗಳ ಮೇಲೆ ಬರೆದ ಓಣಿ

ನನ್ನ ಮನೆಗೆ ನಾನೇ ಹೋಗಲಾಗದೆ ಹತ್ತು ದಿನ ಛತ್ರದ ಜಗಲಿಯ ಮೇಲೆ ಬಿದ್ದುಕೊಂಡಿದ್ದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ, ಅವರು ನಕ್ಕರೆ ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ನಮ್ಮೂರಿನವರೂ ನಕ್ಕರು. ಊರಿನ ನಕ್ಷೆಗೆ ಅಕ್ಷರ ಬರೆಯುವವಳು ನಾನು. ಊರಿಗೆಲ್ಲ ದಾರಿ ತೋರಿಸುವ ಚೆನ್ನಾಜಮ್ಮನಿಗೆ ತನ್ನ ಮನೆಯ ದಾರಿಯೇ ಇಲ್ಲ ಎಂದು ಎಣ್ಣೆ ಅಂಗಡಿಯ ಮುಂದೆ ಕೂತವರು ಹಲ್ಲು ಕಿಸಿದದ್ದು ನನ್ನ ಕಿವಿಗೂ ಬಿದ್ದಿದೆ. ಯಾರ್ಯಾರು ಎಂಬುದೂ ಗೊತ್ತಿದೆ. ಮುಂದಿನ ವರ್ಷ ಅವರ ಬೀದಿಗಳ ಹೆಸರನ್ನೂ ನಾನೇ ಬರೆಯಬೇಕಲ್ಲ, ಆಗ ನೋಡಿಕೊಳ್ಳೋಣ.

ಚಾವಡಿಯ ಎದುರಿನ ಉದ್ದನೆಯ ಗೋಡೆಯ ಮೇಲೆ ನಮ್ಮೂರಿನ ನಕ್ಷೆಯಿದೆ. ಗೋಡೆಯಿಂದ ಇಪ್ಪತ್ತು ಹೆಜ್ಜೆ ಹಿಂದೆ ನೆಲದಲ್ಲಿ ಹೂತ ಒಂದು ಕೆಂಪು ಕಲ್ಲು. ದಿನಾ ಬೆಳಗ್ಗೆ ಹಿರಿಯಣ್ಣ ಮೇಷ್ಟ್ರು ಸ್ನಾನ ಮುಗಿಸಿ ಬಂದು ಆ ಕಲ್ಲಿನ ಮೇಲೆ ನಿಂತು ನಕ್ಷೆಯಲ್ಲಿರುವ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಅವರು ಓದಿದ ಬೀದಿಗೆ ಅವತ್ತು ದಾರಿ ಇರುತ್ತದೆ. ಓದದ ಬೀದಿಗೆ ಇರುವುದಿಲ್ಲ. ಒಳಗಿದ್ದವರು ಹೊರಗೆ ಬರಬಹುದು, ಹೊರಗಿದ್ದವರು ಒಳಗೆ ಹೋಗಲಾಗದು, ಅಷ್ಟೆ. ಓದುವವರಿಗೆ ಅರವತ್ತು ದಾಟಿರಬೇಕು, ಕನ್ನಡಕ ಹಾಕುವಂತಿಲ್ಲ. ಮುದಿಕಣ್ಣಿಗೆ ಕಂಡದ್ದು ಎಲ್ಲರಿಗೂ ಕಂಡೀತು ಎಂಬುದು ಹಿಂದಿನವರ ಲೆಕ್ಕ. ಮೇಷ್ಟ್ರ ಗಂಟಲು ಕಟ್ಟಿದ ದಿನ ಊರಿಗೆ ಊರೇ ಮನೆಯಲ್ಲಿ ಕೂತು ಹರಟೆ ಹೊಡೆಯುತ್ತದೆ. ನೆಂಟರ ಕಾಟ ತಾಳಲಾರದವರು ನನ್ನ ಹತ್ತಿರ ಬಂದು, "ನಮ್ ಬೀದಿ ಹೆಸ್ರು ವಸಿ ಮಸುಕಾಗಿ ಬರೀರಿ ಚೆನ್ನಾಜಮ್ಮ, ಆಷಾಢ ಕಳೆಯೋಗಂಟ" ಎಂದು ಪಿಸುಗುಡುವುದೂ ಉಂಟು. ನಾನು ಬೈದು ಕಳಿಸುತ್ತೇನೆ.

ವರ್ಷಕ್ಕೊಮ್ಮೆ, ಬಿಸಿಲು ಚುರುಕಾದ ಮೇಲೆ, ಗೋಡೆಗೆ ಸುಣ್ಣ ಬಳಿದು ನಕ್ಷೆಯನ್ನು ಹೊಸದಾಗಿ ಬರೆಯುತ್ತೇವೆ. ಬರೆದು ಮುಗಿಯುವ ತನಕ ಹಳೆಯ ದಾರಿಗಳೇ ನಡೆಯುತ್ತವೆ. ಬರೆಯುವವರು ಇಬ್ಬರು. ಅಕ್ಷರ ನನ್ನದು. ಅಕ್ಷರದ ಕೆಳಗಿನದೆಲ್ಲ ಗವಿರಂಗಯ್ಯನವರದು. ಗದ್ದೆಗೆ ಓರೆ ಗೆರೆ, ಮರಳಿಗೆ ಚುಕ್ಕೆ, ಮನೆಗಳಿರುವ ಕಡೆ ಚಾಪೆಯ ಹೆಣಿಗೆ, ನೀರಿಗೆ ಅಲೆ. ಅವರು ಬರೆದ ಹಾಗೆ ಊರು ಇರುತ್ತದೆ; ಗೆರೆ ಒಣಕಲಾದರೆ ಗದ್ದೆಯೂ ಒಣಕಲು. ಅವರ ಗೆರೆಯನ್ನು ನಾನು ಮುಟ್ಟಬಾರದು, ನನ್ನ ಅಕ್ಷರವನ್ನು ಅವರು ಮುಟ್ಟಬಾರದು. ಗೋಡೆಯ ಮೇಲೆ ಯಾರೇ ಕುಂಚ ಆಡಿಸಲಿ, ಮರುದಿನ ಬೆಳಗ್ಗೆ ಓದುವ ಹೊತ್ತಿಗೆ ಇಬ್ಬರೂ ಹಾಜರಿರಬೇಕು. ಇಪ್ಪತ್ತೆರಡು ವರ್ಷ ಹೀಗೆ ನಡೆದಿದೆ. ದಿನಕ್ಕೆ ಎರಡು ಸಲ ಜಗಳ, ಒಂದು ಸಲ ಎಲೆ ಅಡಿಕೆ.

ಅವರ ಗೆರೆಗಳು ಇಷ್ಟು ವರ್ಷವೂ ಬೂದಿ ನೀರಿನಂತೆ ತಿಳಿಯಾಗಿದ್ದವು, ನನ್ನ ಅಕ್ಷರ ಅದರ ಮೇಲೆ ಕಡೆದಿಟ್ಟ ಹಾಗೆ ಕೂರುತ್ತಿತ್ತು. ಈ ವರ್ಷ ಅವರಿಗೆ ಏನಾಯಿತೋ. ಹಳೆಯ ಅಲೆ ಸಾಕಾಯಿತು ಎಂದು ಅರ್ಧ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂಥ ಹೊಸ ಅಲೆ ಕಟ್ಟಿದರು. ದಟ್ಟ ನೀಲಿ, ದಪ್ಪ ಗೆರೆ. ಒಂದೊಂದು ಬಳೆಯೂ ಅಚ್ಚು ಹಾಕಿದಂತಿತ್ತು. ಒಂಬತ್ತು ದಿನ ಕೂತು ಕೆರೆಯೊಂದನ್ನೇ ತುಂಬಿಸಿದರು. ಚೆನ್ನಾಗಿರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಚೆನ್ನಾಗಿತ್ತು, ಅದೇ ತೊಂದರೆ.

ನಮ್ಮದು ಗರಗಸದವರ ಓಣಿ. ಕೆರೆ ದಡದಲ್ಲಿ ಹನ್ನೊಂದು ಮನೆ. ಹೆಸರು ಉದ್ದ, ಓಣಿ ಗಿಡ್ಡ. ಅದಕ್ಕೇ ಮೊದಲಿನಿಂದಲೂ ಆ ಹೆಸರನ್ನು ಕೆರೆಯ ಮೇಲೆ ಚಾಚಿ ಬರೆಯುವುದು. ಈ ಸಲ ನಾನು ಕೊನೆಗೆ ಬರೆದದ್ದು ಅದನ್ನೇ. ಪ್ರತಿ ಹೆಸರು ಬರೆದ ಮೇಲೂ ಏಣಿ ಇಳಿದು ಕೆಂಪು ಕಲ್ಲಿಗೆ ಹೋಗಿ ನೋಡುವುದು ನನ್ನ ಪದ್ಧತಿ. ಅವತ್ತು ಹೋಗಲಿಲ್ಲ. ಮನೆಯಲ್ಲಿ ನನ್ನ ಅತ್ತೆ ಗುರುಸಿದ್ದಮ್ಮ ಕಾಯುತ್ತಿದ್ದರು. ಎಪ್ಪತ್ತಾರು ವರ್ಷ, ಹದಿನೈದು ದಿನದ ಹಿಂದೆ ಬಲಗಣ್ಣಿನ ಆಪರೇಷನ್ ಆಗಿತ್ತು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು, ಒಂದು ತಿಂಗಳು ತಪ್ಪಿಸಕೂಡದು, ತಪ್ಪಿದರೆ ಕಣ್ಣು ಕೈಬಿಟ್ಟೀತು ಎಂದು ಡಾಕ್ಟರು ಹೇಳಿದ್ದರು. ಸಂಜೆಯ ಹನಿಗೆ ಹೊತ್ತಾಯಿತು ಎಂದು ಏಣಿಯ ಮೇಲಿಂದಲೇ ಕಣ್ಣಾಡಿಸಿದೆ. ಹತ್ತಿರದಿಂದ ಮುತ್ತಿನಂತೆ ಕಂಡಿತು. ಕುಂಚ ತೊಳೆದು ಮನೆಗೆ ಓಡಿದೆ. ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ.

ಮರುದಿನ ಬೆಳಗ್ಗೆ ಅತ್ತೆಗೆ ಹನಿ ಹಾಕಿ ಚಾವಡಿಗೆ ಬಂದೆ. ಮೇಷ್ಟ್ರು ಓದುತ್ತಾ ಹೋದರು. ಗಾಣದ ಬೀದಿ, ಸಂತೆಮಾಳ, ದೊಡ್ಡಕೆರೆ... ಅಲ್ಲಿಂದ ನೇರ ಕುಂಬಾರಗೇರಿ.

"ಮೇಷ್ಟ್ರೇ, ಗರಗಸದವರ ಓಣಿ ಬಿಟ್ರಿ" ಎಂದೆ.

"ಎಲ್ಲಿದೆ ತಾಯಿ?"

"ಕೆರೆ ಮೇಲೆ."

"ಕೆರೆ ಮೇಲೆ ಅಲೆ ಇದೆ" ಎಂದರು ಮೇಷ್ಟ್ರು. "ಬಹಳ ಸೊಗಸಾಗಿದೆ."

ಓಡಿಹೋಗಿ ಕಲ್ಲಿನ ಮೇಲೆ ನಿಂತು ನೋಡಿದೆ. ನಮ್ಮ ಅಕ್ಷರಗಳ ಮೈಯೆಲ್ಲ ಗುಂಡು. ಗ ಗುಂಡು, ರ ಗುಂಡು, ಸ ಗುಂಡು, ದ ಗುಂಡು. ಅವುಗಳ ಕೆಳಗೆ ಅಷ್ಟೇ ಗುಂಡಾದ, ಅಷ್ಟೇ ದಪ್ಪದ, ಅಷ್ಟೇ ಎತ್ತರದ ಬಳೆಗಳು. ನನ್ನ ಒಂಬತ್ತು ಅಕ್ಷರಗಳು ಸಾವಿರ ಬಳೆಗಳ ಮಧ್ಯೆ ಬಳೆಗಳಾಗಿ ಸೇರಿಹೋಗಿದ್ದವು. ಎಲ್ಲಿದೆ ಎಂದು ಗೊತ್ತಿದ್ದ ನನಗೇ ಹುಡುಕಬೇಕಾಯಿತು.

"ಅಲ್ಲಿ ಇದೆ ಅಂತ ನಿಮಗೆ ಗೊತ್ತಲ್ಲ ಮೇಷ್ಟ್ರೇ! ಹತ್ತು ವರ್ಷದಿಂದ ಓದ್ತಿದ್ದೀರಿ. ಒಂದ್ಸಲ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಗೊತ್ತಿರೋದನ್ನ ಹೇಳೋದಕ್ಕೆ ಗೋಡೆ ಯಾಕಮ್ಮ ಬೇಕು? ಕಂಡದ್ದನ್ನ ಓದ್ತೀನಿ. ಕಾಣದ್ದನ್ನ ಹೇಳಿದ್ರೆ ಅದು ಬಾಯಿಪಾಠ." ಇಷ್ಟು ಹೇಳಿ ಅವರು ಉಳಿದ ಹೆಸರುಗಳನ್ನು ಮುಗಿಸಿ ಕಾಫಿಗೆ ಹೋದರು. ಒಳ್ಳೆಯ ಮನುಷ್ಯರ ಸಹವಾಸ ಎಷ್ಟು ಕಷ್ಟ ಎಂಬುದು ಅವತ್ತು ಗೊತ್ತಾಯಿತು.

ಆದರೂ ಹೋಗಿ ನೋಡಿದೆ. ಏರಿ ದಾಟಿ ಎಡಕ್ಕೆ ತಿರುಗಿದರೆ ನಮ್ಮ ಓಣಿ. ಏರಿ ದಾಟಿದೆ, ಎಡಕ್ಕೆ ತಿರುಗಿದೆ, ಗಾಣದ ಮುಂದೆ ಬಂದೆ. ಮತ್ತೆ ಹೋದೆ, ಮತ್ತೆ ಗಾಣ. ಮೂರನೆಯ ಸಲ ಗಾಣದವನು, "ಎಣ್ಣೆ ಬೇಕಿತ್ತೇನಮ್ಮ?" ಎಂದು ಕೇಳಿದ. ನಮ್ಮ ಓಣಿಯ ಕೊಡೆ ರಿಪೇರಿಯ ಶಿವನಂಜಪ್ಪ ಕೂಡ ಅಲ್ಲೇ ಸುತ್ತುತ್ತಿದ್ದ, ಬಗಲಲ್ಲಿ ನಾಲ್ಕು ಮುರುಕು ಕೊಡೆ. ಬೆಳಗ್ಗೆ ಕೆಲಸಕ್ಕೆಂದು ಹೊರಗೆ ಬಂದಿದ್ದ ನಾವು ಹದಿನಾಲ್ಕು ಜನ ಮಧ್ಯಾಹ್ನದ ಹೊತ್ತಿಗೆ ಛತ್ರದ ಜಗಲಿಯ ಮೇಲೆ ಕೂತಿದ್ದೆವು. ಒಬ್ಬೊಬ್ಬರೂ ನನ್ನನ್ನು ನೋಡುತ್ತಿದ್ದ ನೋಟ ಹೇಳುವಂತಿರಲಿಲ್ಲ.

ಅಕ್ಷರ ನನ್ನದು, ತಿದ್ದುವ ಹಕ್ಕೂ ನನ್ನದು. ಅವತ್ತೇ ಏಣಿ ಹತ್ತಿ ಅಕ್ಷರಗಳನ್ನು ಎರಡರಷ್ಟು ದಪ್ಪ ಮಾಡಿದೆ. ಮಾಡುವಾಗಲೇ ಗ-ರಗಳ ಹೊಟ್ಟೆ ತುಂಬಿಕೊಂಡವು, ಬುದ್ಧಿ ಬರಲಿಲ್ಲ. ಬೆಳಗ್ಗೆ ಮೇಷ್ಟ್ರು ಕಣ್ಣು ಕಿರಿದು ಮಾಡಿ, "ಒಂಬತ್ತು ಬದನೆಕಾಯಿ ಕಾಣ್ತವೆ ತಾಯಿ" ಎಂದರು. ಅದನ್ನು ಕೆರೆದು ಕೆಂಪು ಬಣ್ಣದಲ್ಲಿ ಬರೆದೆ. ಆ ನೀಲಿಯ ಮೇಲೆ ಕೆಂಪು ಕುಣಿಯತೊಡಗಿ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಹೆಸರನ್ನು ಎಡಕ್ಕೆ ಸರಿಸೋಣವೆಂದರೆ ಗಾಣದ ಬೀದಿಗೆ ಡಿಕ್ಕಿ, ಬಲಕ್ಕೆ ಸರಿಸಿದರೆ ಚಾಪೆಯ ಹೆಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕು ದಿನ ಹೀಗೇ ಹೋಯಿತು. ಬೇರೆ ದಾರಿ ಕಾಣದೆ ಕಪ್ಪಿನಲ್ಲೇ ಮೊದಲಿನ ಹಾಗೆ ಬರೆದು, ಗವಿರಂಗಯ್ಯನವರ ಹತ್ತಿರ ಹೋದೆ.

ಅವರು ಕೆರೆಯ ಏರಿಯ ಮೇಲೆ ಕೂತು ನಿಜವಾದ ಕೆರೆಯನ್ನು ನೋಡುತ್ತಿದ್ದರು. ನೋಡುವ ಹಾಗೂ ಇತ್ತು. ಹೊಸ ನಕ್ಷೆ ಓದಿದ ದಿನದಿಂದ ಕೆರೆ ದಡ ಮುಟ್ಟಿ ತುಂಬಿತ್ತು, ಬಳೆ ಬಳೆಯಾಗಿ ಅಲೆ ಏಳುತ್ತಿತ್ತು. ಸಂಜೆಯಾದರೆ ಊರಿನವರೆಲ್ಲ ಕಡಲೆಕಾಯಿ ಕಟ್ಟಿಕೊಂಡು ಬಂದು ಕೂರುತ್ತಿದ್ದರು.

"ನಮ್ಮ ಹೆಸರಿನ ಕೆಳಗೆ ಮಾತ್ರ ವಸಿ ಅಲೆ ತೆಳ್ಳಗೆ ಮಾಡಿ ಗವಿರಂಗಯ್ಯನವರೇ. ಎರಡು ಮೊಳ ಜಾಗ."

"ಆಗಾಕಿಲ್ಲ ಕಣಮ್ಮ. ಅಲ್ಲಿ ಅಲೆ ಅಳಿಸಿದ್ರೆ ಇಲ್ಲಿ ನೀರು ಬತ್ತೋಯ್ತದೆ. ಕೆರೆ ಮಧ್ಯಕ್ಕೆ ಒಣಗಿದ ನೆಲ ಮಾಡು ಅಂತೀಯಾ? ನಿನ್ನ ಅಕ್ಷರ ಕಾಣಾಕಿಲ್ಲ ಅಂದ್ರೆ ನಿನ್ನ ಅಕ್ಷರನ ಸರಿ ಮಾಡ್ಕೊ."

"ನನ್ನ ಅಕ್ಷರಕ್ಕೆ ಏನಾಗಿದೆ? ಇಪ್ಪತ್ತೆರಡು ವರ್ಷ ಕಂಡದ್ದು ಈಗ ಕಾಣ್ತಿಲ್ಲ ಅಂದ್ರೆ ಅದು ನಿಮ್ಮ ಬಳೆ ಅಂಗಡಿಯಿಂದ!"

ಬಳೆ ಅಂಗಡಿ ಎಂದದ್ದು ತಪ್ಪಾಯಿತು. ಅವರು ಟವಲು ಕೊಡವಿಕೊಂಡು ಎದ್ದು ಹೋದರು. ಊರಿನ ಅಧ್ಯಕ್ಷರ ಹತ್ತಿರ ದೂರು ಒಯ್ದರೆ, "ಹನ್ನೊಂದು ಮನೆಗೋಸ್ಕರ ಊರ ಕೆರೆ ಕೆಡಿಸೋಕಾಗುತ್ತಾ? ಮುಂದಿನ ವರ್ಷ ನೋಡೋಣ" ಎಂದರು. ಅವರ ಮನೆ ಸಂತೆಮಾಳದ ಎದುರು, ನಕ್ಷೆಯ ಖಾಲಿ ಬಿಳಿಯ ಮೇಲೆ ಬರೆದ ಹೆಸರು. ಕುರುಡರಿಗೂ ಕಾಣುತ್ತದೆ.

ಇತ್ತ ಓಣಿಯ ಒಳಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದ್ದರು. ಗಂಡನ ನೆನಪಾಗಿ ಒಬ್ಬಳು, ಬೀಡಿ ಮುಗಿದು ಒಬ್ಬ. ಬಂದವರೆಲ್ಲ ಅತ್ತೆಯ ಸುದ್ದಿ ತರುತ್ತಿದ್ದರು. ಪಕ್ಕದ ಮನೆ ಭದ್ರಮ್ಮ ಹೊತ್ತು ಹೊತ್ತಿಗೆ ಹನಿ ಹಾಕುತ್ತಿದ್ದಾಳೆ ಎಂದು ಕೇಳಿ ಸಮಾಧಾನದಲ್ಲಿದ್ದೆ. ಏಳನೆಯ ದಿನ ನೋಡುತ್ತೇನೆ, ಭದ್ರಮ್ಮನೇ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಅಂಗಡಿಯ ಮುಂದೆ ನಿಂತಿದ್ದಾಳೆ.

"ಅಯ್ಯಯ್ಯೋ, ಉಪ್ಪು ಮುಗೀತು ಅಂತ ಬಂದುಬಿಟ್ಟೆ ಕಣಕ್ಕ! ಅಭ್ಯಾಸ ನೋಡು, ಮರೆತೇಹೋಯ್ತು!"

"ನಿನ್ನ ಉಪ್ಪಿಗೆ ಬೆಂಕಿ ಬೀಳ! ಅತ್ತೆಗೆ ಹನಿ ಹಾಕೋರು ಯಾರೇ?"

"ಅವರನ್ನೂ ಕರೆದಿದ್ದೆ ಕಣಕ್ಕ, ದಿನಾ ಕರೀತಿದ್ದೆ. ಚೆನ್ನಾಜಕ್ಕನ ಹತ್ರ ಹೋಗಿಬಿಡೋಣ ಬನ್ನಿ ಅಂತ. ಕಾಲು ಬರಾಕಿಲ್ಲ ಅಂದ್ರು." ಭದ್ರಮ್ಮ ಉಪ್ಪಿನ ಪೊಟ್ಟಣ ಹಿಡಿದು ಅಲ್ಲೇ ಅಳಲು ಕೂತಳು. ಬೈಯುವುದಕ್ಕೂ ಬಿಡಲಿಲ್ಲ.

ಓಣಿಯಲ್ಲಿ ಉಳಿದವರು ಅತ್ತೆ ಒಬ್ಬರೇ. ಅವರ ಕೈ ನಡುಗುತ್ತದೆ, ಹನಿ ಹಾಕಿಕೊಂಡರೆ ಕೆನ್ನೆಗೆ ಬೀಳುತ್ತದೆ. ನನಗೆ ಅನ್ನ ಸೇರಲಿಲ್ಲ. ಅದರ ಮೇಲೆ ಅಧ್ಯಕ್ಷರು ಛತ್ರಕ್ಕೆ ಬಂದರು. "ಒಲೆ ಉರಿಯದ ಓಣಿಗೆ ಹೆಸರಿಲ್ಲ ಅನ್ನೋದು ಊರ ಕಟ್ಟಳೆ. ಆ ಅಜ್ಜಿಯೂ ಹೊರಗೆ ಬಂದ್ರೆ ಹೆಸರು ಅಳಿಸಿ ಕೈ ತೊಳ್ಕೊಳ್ಳೋಣ. ನಿಮಗೆಲ್ಲ ಸಂತೆಮಾಳದ ಹಿಂದೆ ಜಾಗ ಕೊಡಿಸ್ತೀನಿ" ಎಂದರು. ಶಿವನಂಜಪ್ಪನಂಥವರಿಗೆ ಒಳಗೊಳಗೇ ಖುಷಿಯಾಯಿತು, ಸಂತೆಯ ಹತ್ತಿರ ಕೊಡೆ ಜಾಸ್ತಿ ಬರುತ್ತವೆ. ಮಿಕ್ಕವರೂ ಸುಮ್ಮನಿದ್ದರು. ಮಣ್ಣಾದ ನನ್ನ ಗಂಡ ಕಟ್ಟಿದ ಮನೆ ಅದು, ಅದನ್ನು ಅಳಿಸುವ ಮಾತಾಡುತ್ತಿದ್ದಾರೆ, ಇವರು ಕಿವಿಗೆ ಕಡ್ಡಿ ಹಾಕಿಕೊಂಡು ಕೂತಿದ್ದಾರೆ! ಏರಿಯ ಮೇಲೆ ಹೋಗಿ ನಿಂತೆ. ನೀರಿನ ಆಚೆ, ಹೋಗಲಾಗದ ಕಡೆಯಿಂದ, ಒಂದೆಳೆ ಹೊಗೆ ಏಳುತ್ತಿತ್ತು. ಅತ್ತೆ ಒಲೆ ಹಚ್ಚಿದ್ದರು. ಹಠಮಾರಿ ಮುದುಕಿ, ಬರಬಾರದಾ ಎಂದು ಬೈದೆ, ಬರದೆ ಇರಲಿ ಎಂದೂ ಅಂದುಕೊಂಡೆ. ಎರಡೂ ನಿಜವೇ.

ಒಂಬತ್ತನೆಯ ದಿನ ನನ್ನ ಸಿಟ್ಟು ನೆತ್ತಿಗೇರಿತು. ಗವಿರಂಗಯ್ಯನವರ ಮನೆ ಕೆರೆಯ ಇನ್ನೊಂದು ತುದಿಯಲ್ಲಿ ಒಂಟಿಯಾಗಿದೆ. ಬಣ್ಣ ಅರೆಯುವುದಕ್ಕೆ ನೀರು ಬೇಕಲ್ಲ. ನಕ್ಷೆಯಲ್ಲಿ ಅದರ ಹೆಸರು ಬಣ್ಣದ ಮನೆ, ದಡದ ಬಿಳಿ ಪಟ್ಟಿಯ ಮೇಲೆ ಇರುತ್ತದೆ. ಅವರ ಗೆರೆ ನಾನು ಮುಟ್ಟಬಾರದು, ಸರಿ. ನನ್ನ ಅಕ್ಷರವನ್ನು ಎಲ್ಲಿ ಬರೆಯಬೇಕು ಎಂದು ಕೇಳುವ ಹಕ್ಕು ಯಾರಿಗಿದೆ? ಏಣಿ ಹತ್ತಿ ಆ ಹೆಸರನ್ನು ಬಿಳಿ ಪಟ್ಟಿಯಿಂದ ಕೆರೆದು, ಒಂದು ಗೇಣು ಈಚೆಗೆ, ಅವರ ಚಂದದ ಬಳೆಗಳ ಮೇಲೆ, ನನ್ನ ಕೈಯಲ್ಲಾದಷ್ಟು ಗುಂಡಗೆ ಬರೆದೆ. ಮನಸ್ಸಿಗೆ ತಂಪಾಯಿತು.

ಮರುದಿನ ಕಟ್ಟಳೆಯ ಪ್ರಕಾರ ಗವಿರಂಗಯ್ಯ ಬಂದರು. ಎಂದಿನಂತೆ ಗೋಡೆಯ ಬುಡದಲ್ಲೇ ನಿಂತು ತಮ್ಮ ಅಲೆಗಳ ಮೇಲಿನ ಧೂಳು ಊದುತ್ತಿದ್ದರು. ಮೇಷ್ಟ್ರು ಓದಿ ಮುಗಿಸಿದರು. ಬಣ್ಣದ ಮನೆ ಬರಲಿಲ್ಲ.

"ಮೇಷ್ಟ್ರೇ, ನನ್ನ ಮನೆ?"

"ಕಾಣಲಿಲ್ಲ ಗವಿರಂಗಯ್ಯ."

"ಇಲ್ಲೇ ಐತಲ್ಲ!" ಎಂದು ಬೆರಳಿಟ್ಟು ತೋರಿಸಿದರು.

"ನಿನ್ನ ಬೆರಳು ಕಾಣ್ತದಪ್ಪ" ಎಂದು ಮೇಷ್ಟ್ರು ಕಾಫಿಗೆ ಹೊರಟರು.

ಗವಿರಂಗಯ್ಯ ನನ್ನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹತ್ತಿಕೊಳ್ಳಬೇಕಿತ್ತು. ನಾನು ಎಲೆಗೆ ಸುಣ್ಣ ಸವರುತ್ತಾ ಕೂತೆ. ಅವರೂ ನಾಲ್ಕು ಸಲ ಸುತ್ತಿ, ನಾಲ್ಕು ಸಲವೂ ಗಾಣದ ಮುಂದೆ ಬಂದು, ಮಧ್ಯಾಹ್ನ ಛತ್ರಕ್ಕೆ ಬಂದರು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಅವಳು ಇವತ್ತು ಉಪ್ಸಾರು ಮಾಡ್ತೀನಿ ಅಂದಿದ್ಲು" ಎಂದು ಹೆಂಡತಿ ಕಾಳಮ್ಮನನ್ನು ನೆನೆದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಜಗಲಿಯ ಮೇಲಿದ್ದವರಿಗೆಲ್ಲ ನಗು ಬಂತು. ನನಗೂ ಬರಬೇಕಿತ್ತು.

ಇಳಿಹೊತ್ತಿನಲ್ಲಿ ಅವರೇ ನನ್ನ ಹತ್ತಿರ ಬಂದರು. "ಕಾಳಮ್ಮಂಗೆ ನಾನು ಎಲ್ಲಿದ್ದೀನಿ ಅಂತಾನೂ ಗೊತ್ತಿಲ್ಲ. ಹೇಳಿ ಕಳ್ಸಾಕೂ ಆಗಾಕಿಲ್ಲ. ಒಂದು ದಿನಕ್ಕೇ ಹಿಂಗೆ." ಆಮೇಲೆ ತಡೆದು ಕೇಳಿದರು: "ನಿಮ್ಮತ್ತೆ ಕಣ್ಣು ಹೆಂಗದೆ?"

"ಗೊತ್ತಿಲ್ಲ" ಎಂದೆ. "ಮೂರು ದಿನದಿಂದ ಹನಿ ಹಾಕೋರಿಲ್ಲ. ಇದೆಯೋ ಹೋಯಿತೋ ಗೊತ್ತಿಲ್ಲ." ಅವರೆದುರು ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ.

ಗವಿರಂಗಯ್ಯ ಎದ್ದು ಹೋದರು. ನೋಡಿದರೆ ಕೆಂಪು ಕಲ್ಲಿನ ಮೇಲೆ ನಿಂತಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ಅಲ್ಲಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಮೊಳದಳತೆಯಲ್ಲಿ ಕೂತು ಗೆರೆ ಎಳೆಯುವವರು ಅವರು, ದೂರ ಅವರಿಗೆ ಬೇಕಿರಲಿಲ್ಲ. ಬಹಳ ಹೊತ್ತು ನಿಂತು, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ನಿನ್ನ ಗೆರೆ, ನನ್ನ ಗೆರೆ ಒಂದೇ ದಪ್ಪ ಆಗಿಬಿಟ್ಟವೆ ಕಣಮ್ಮ. ಒಂದೇ ಗುಂಡು. ನಿನ್ನ ಅಕ್ಷರಕ್ಕೆ ಉಸಿರಾಡಾಕೆ ಜಾಗ ಇಲ್ಲ" ಎಂದರು. "ಹತ್ತಿರದಿಂದ ನಂಗಿದು ಕಾಣಲೇ ಇಲ್ಲ."

"ನನಗೂ ಕಾಣಲಿಲ್ಲ. ಅವತ್ತು ನಾನೂ ಏಣಿ ಮೇಲಿಂದಲೇ ನೋಡಿದ್ದು" ಎಂದೆ. ಹತ್ತು ದಿನದಿಂದ ಯಾರಿಗೂ ಹೇಳಿರದ ಮಾತು ಅದು.

"ಅಳಿಸಾಕಿಲ್ಲ. ಅಳಿಸಿದ್ರೆ ಕೆರೆ ಬತ್ತೋಯ್ತದೆ. ನಿನ್ನ ಅಕ್ಷರ ಗುಂಡಗೆ ಇರ್ಲಿ, ಅಲ್ಲಿ ಮಾತ್ರ ನನ್ನ ಅಲೆ ಮಲಗಿರ್ಲಿ. ಬೆಳಕಿರೋವಾಗಲೇ ಮಾಡೋಣ, ಏಣಿ ಹಿಡ್ಕೊ."

ಒದ್ದೆ ಬಟ್ಟೆಯಿಂದ ನೀಲಿಯನ್ನು ಒತ್ತಿ ಒತ್ತಿ ತಿಳಿ ಮಾಡಿದರು. ನನ್ನ ಹೆಸರಿನ ಸುತ್ತ ಎರಡು ಮೊಳ ಜಾಗದಲ್ಲಿ ಬಳೆಗಳನ್ನು ಬಿಚ್ಚಿ, ಕೂದಲೆಳೆಯ ಕುಂಚದಲ್ಲಿ ಅಡ್ಡಡ್ಡ ಗೆರೆ ಎಳೆದರು, ಒಂದಕ್ಕೊಂದು ದೂರ ದೂರ, ಗಾಳಿಯಿಲ್ಲದ ಹೊತ್ತಿನ ನೀರಿನ ಹಾಗೆ. ಅಂಚಿನಲ್ಲಿ ಬಳೆ ಎಲ್ಲಿ ಮುಗಿದು ಗೆರೆ ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಬೆಸೆದರು. ಒಂಬತ್ತು ದಿನದ ಕೆಲಸವನ್ನು ತಾವೇ ಬಿಚ್ಚುವಾಗ ಅವರ ದವಡೆ ಬಿಗಿದಿತ್ತು. ನಾನು ಅವರ ಮನೆಯ ಹೆಸರನ್ನು ತೆಗೆದು ಮೊದಲಿನ ಬಿಳಿ ಪಟ್ಟಿಯ ಮೇಲೆ ಬರೆದೆ. ಆಮೇಲೆ ಇಬ್ಬರೂ ಕಲ್ಲಿನ ಮೇಲೆ ನಿಂತು ನೋಡಿದೆವು.

ಬೆಳಗ್ಗೆ ಮೇಷ್ಟ್ರು ಬಂದರು. ಗಾಣದ ಬೀದಿ, ಸಂತೆಮಾಳ, ದೊಡ್ಡಕೆರೆ. ನಿಂತರು. ಕತ್ತು ಮುಂದೆ ಚಾಚಿದರು. "ಗರಗಸದವರ ಓಣಿ" ಎಂದರು, ಏನೂ ಆಗಿಲ್ಲವೆಂಬಂತೆ. ಬಣ್ಣದ ಮನೆಯೂ ಬಂತಂತೆ, ನಾನು ಕೇಳಿಸಿಕೊಳ್ಳಲಿಲ್ಲ, ಆಗಲೇ ಏರಿಯ ಮೇಲೆ ಓಡುತ್ತಿದ್ದೆ. ಕೆರೆಯಲ್ಲಿ ನಮ್ಮ ದಡದ ಹತ್ತಿರ ಒಂದು ಪಟ್ಟಿ ನೀರು ಅಲುಗದೆ ನಿಂತಿತ್ತು. ಎಡಕ್ಕೆ ತಿರುಗಿದೆ. ಓಣಿ ಇತ್ತು.

ಓಣಿಯ ಬಾಯಲ್ಲೇ ನನ್ನ ಕಾಲು ನಿಂತಿತು. ಮೊದಲ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ಎರಡನೆಯ ಮನೆಯ ಮುಂದೂ. ಯಾರೂ ಇಲ್ಲದ ಶಿವನಂಜಪ್ಪನ ಮನೆಯ ಮುಂದೂ. ಗೆರೆಗಳು ಸೊಟ್ಟ, ಚುಕ್ಕೆ ಒಂದು ಕಡೆಯಾದರೆ ಬಳ್ಳಿ ಇನ್ನೊಂದು ಕಡೆ. ಹಿಂದಿನ ದಿನದ್ದು, ಅದರ ಹಿಂದಿನ ದಿನದ್ದು ಅಂಚಿನಲ್ಲಿ ಮಾಸಿ ಉಳಿದಿದ್ದವು. ಭದ್ರಮ್ಮನ ಮನೆಯ ಬಾಗಿಲಲ್ಲಿ ನನ್ನ ಅತ್ತೆ ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿಕೊಂಡು, ನಡುಗುವ ಬೆರಳಲ್ಲಿ ಪುಡಿ ಬಿಡುತ್ತಿದ್ದರು.

"ಕಾಲು ಬರಾಕಿಲ್ಲ ಅಂದ್ರಂತೆ?" ಎಂದೆ.

ಅತ್ತೆ ತಲೆಯೆತ್ತಲಿಲ್ಲ. "ಒಳಗೆ ತಿರುಗಾಕೆ ಬತ್ತವೆ. ಹೊರಗೆ ಹೋಗಾಕೆ ಬರಾಕಿಲ್ಲ." ಗೆರೆ ಮುಗಿಸಿ ಸೊಂಟ ನೆಟ್ಟಗೆ ಮಾಡಿದರು. "ಎಲ್ಲಾರೂ ಹೋದ್ರು. ನಾನೂ ಹೋಗಿದ್ರೆ ಒಲೆ ಆರ್ತಿತ್ತು, ಹೆಸ್ರು ಅಳಿಸಿಬಿಡ್ತಿದ್ರು. ಆಮೇಲೆ ನೀನು ಎಲ್ಲಿಗೆ ಬತ್ತಿದ್ದೆ ಹೇಳು?"

ಅವರ ಬಲಗಣ್ಣು ಕೆಂಪಗೆ ಊದಿಕೊಂಡಿತ್ತು. ನನಗೆ ತಡೆಯಲಾಗಲಿಲ್ಲ, ಅವರ ರಂಗೋಲಿ ತುಳಿದುಕೊಂಡೇ ಹೋಗಿ ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

"ಥೂ, ತುಳಿದುಬಿಟ್ಟೆಯಲ್ಲೇ! ಆಮೇಲೆ ಅಳುವಂತೆ. ಮೊದ್ಲು ಹನಿ ಹಾಕು, ಅತ್ತರೆ ನಿನ್ನ ಕೈಯೂ ನಡುಗ್ತದೆ."

ಮನೆಯ ಕಂಬಕ್ಕೆ ಅವರನ್ನು ಒರಗಿಸಿ ಕೂರಿಸಿದೆ. ರೆಪ್ಪೆ ಬಿಡಿಸಿ ಹನಿ ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ಹೇಳಿದ್ದ ಹಾಗೆ ನೂರು ಎಣಿಸಿ, ಅಂಗೈಯಿಂದ ಅವರ ಎಡಗಣ್ಣನ್ನು ಮುಚ್ಚಿದೆ.

"ಕಣ್ಣು ಬಿಡಿ ಅತ್ತೆ. ಈ ಕಣ್ಣಲ್ಲಿ ಏನು ಕಾಣ್ತದೆ?"

ಅತ್ತೆ ಮೆಲ್ಲಗೆ ಕಣ್ಣು ಬಿಟ್ಟರು. ರೆಪ್ಪೆ ಬಡಿದರು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

"ನೀನು" ಎಂದರು. "ವಸಿ ಮಂಜು ಮಂಜು. ಆದ್ರೆ ನೀನೇ."